ಅಟ್ಟಣೆಯ ಮೇಲೆ ಕಟ್ಟಿಕೊಂಡ ಹೆಂಡತಿ

ಈಚೆಗೆ ಬರುವ ಗೇರ್ ಸೈಕಲ್ಲುಗಳಿಗೆ ಹಿಂದೆ ಕ್ಯಾರಿಯರ್ ಇರುವುದಿಲ್ಲವೆಂಬುದು ನಿಮ್ಮ ಗಮನಕ್ಕೂ ಬಂದಿರಬಹುದು. ಕೊಳ್ಳೇಗಾಲದ ಅಂಗಡಿಯಲ್ಲಿ ನಾನು ಅದನ್ನು ಹುಡುಕುತ್ತ ಸೈಕಲ್ಲಿಗೆ ಎರಡು ಪ್ರದಕ್ಷಿಣೆ ಹಾಕಿದಾಗ ಅಂಗಡಿಯವರು, "ಇದು ಒಬ್ರು ಓಡ್ಸಕ್ಕೆ ಅಂತ್ಲೇ ಮಾಡಿರೋದು ಸಾ, ನಿಮಗ್ಯಾಕೆ ಕ್ಯಾರಿಯರ್ರು?" ಎಂದರು. ನಿರುಪದ್ರವಿಯಾದ ಪ್ರಶ್ನೆಯೇ, ಆದರೆ ಅರವತ್ತೊಂದು ವರ್ಷವೂ ಅವಿವಾಹಿತನಾಗಿಯೇ ಉಳಿದವನ ಕಿವಿಗೆ ಅದು ತುಸು ಹೆಚ್ಚೇ ಅರ್ಥಗರ್ಭಿತವಾಗಿ ಕೇಳಿಸಿತು. ಉಪನೋಂದಣಿ ಕಚೇರಿಯ ಗುಮಾಸ್ತನಾಗಿ ಊರವರ ಮದುವೆಗಳನ್ನೆಲ್ಲ ನೋಂದಾಯಿಸಿದ ನಾನು ನನ್ನದೊಂದನ್ನು ನೋಂದಾಯಿಸಲು ಮರೆತೆ. ಮರೆತೆ ಎನ್ನುವುದು ಮರ್ಯಾದೆಗಾಗಿ. ಮೊದಲು ತಂಗಿಯರ ಮದುವೆ, ಅನಂತರ ತಾಯಿಯ ಕಾಯಿಲೆ, ಅದರಾಚೆಗೆ ಬರೀ ಅಭ್ಯಾಸ.

ನಿವೃತ್ತನಾದ ಮೇಲೆ ದಿನಗಳು ಉದ್ದವಾಗುತ್ತವೆಂದು ಎಲ್ಲರೂ ಎಚ್ಚರಿಸಿದ್ದರು. ಭಾನುವಾರಗಳು ಅಷ್ಟು ಅಗಲವಾಗುತ್ತವೆಂದು ಯಾರೂ ಹೇಳಿರಲಿಲ್ಲ. ಹಾಗಾಗಿ ಮಾರ್ಗಶಿರದ ಒಂದು ಭಾನುವಾರ, ಕೊಳ್ಳೇಗಾಲದಿಂದ ಹನೂರು, ಅಲ್ಲಿಂದ ಲೊಕ್ಕನಹಳ್ಳಿ, ಅಲ್ಲಿಂದ ಕಾಡಂಚಿನಲ್ಲೇ ಇಳಿದು ಗುಂಡಾಲ್ ಜಲಾಶಯವನ್ನು ಬಳಸಿ ಮರಳಿ ಮನೆಗೆ ಎಂದು ಒಂದು ದಿನದ ಸುತ್ತನ್ನು ಯೋಜಿಸಿದೆ. ಯಳಂದೂರಿನ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಜೊತೆಗೆ ಬರುವುದಾಗಿ ಒಪ್ಪಿ, ಹಿಂದಿನ ಸಂಜೆ ಮೊಮ್ಮಗಳ ಹುಟ್ಟುಹಬ್ಬವನ್ನು ಮುಂದೊಡ್ಡಿ ಹಿಂದೆ ಸರಿದರು. ಒಬ್ಬನೇ ಹೊರಟೆ.

ಹನೂರಿನವರೆಗೆ ಬಸ್ಸುಗಳ ಹಾರ್ನು ಸಾಂಗತ್ಯ ನೀಡಿತು. ಲೊಕ್ಕನಹಳ್ಳಿಯ ದಾರಿಗೆ ತಿರುಗಿದ ಮೇಲೆ ಉಳಿದದ್ದು ಚೈನಿನ ಸದ್ದೊಂದೇ. ಬೆಟ್ಟಗಳು ನೀಲಿಯಾಗಿದ್ದವು, ಕೆರೆಯಲ್ಲಿ ಕೊಕ್ಕರೆಗಳು ಧ್ಯಾನಸ್ಥವಾಗಿದ್ದವು. ಸುಂದರವಾದದ್ದನ್ನು ಕಂಡಾಗ "ನೋಡು" ಎನ್ನುವುದಕ್ಕೆ ಪಕ್ಕದಲ್ಲೊಂದು ಜೀವವಿಲ್ಲದಿದ್ದರೆ ಆ ಸೌಂದರ್ಯ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಓದುಗ ಮಿತ್ರರೇ. ನಾನು ಕೆಮ್ಮಿ ಮುಂದೆ ಸಾಗಿದೆ.

ಮಧ್ಯಾಹ್ನ ಮೂರರ ಹೊತ್ತಿಗೆ, ಲೊಕ್ಕನಹಳ್ಳಿ ದಾಟಿ ಸುಮಾರು ದೂರ ಬಂದಿದ್ದಾಗ, ರಸ್ತೆಯ ಪಕ್ಕದ ರಾಗಿ ಹೊಲದಿಂದ ಒಬ್ಬಾಕೆ ಓಡಿಬಂದು ಎರಡೂ ಕೈ ಚಾಚಿ ಅಡ್ಡ ನಿಂತರು.

"ನಿಂತ್ಕಳಿ ಸಾ. ಮುಂದುಕ್ಕೆ ಓಗ್‌ಬೇಡಿ. ತಿರುವ್ನಲ್ಲಿ ಆನೆ ಅವೆ, ಮರಿ ಬೇರೆ ಐತೆ."

ಹೆಸರು ಪುಟ್ಟಮಾದಮ್ಮ, ಐವತ್ತರ ಆಸುಪಾಸು. ಹೊಲದ ನಡುವೆ ನಾಲ್ಕು ಗಳುಗಳ ಮೇಲೆ ಕಟ್ಟಿದ್ದ ಕಾವಲಿನ ಅಟ್ಟಣೆಗೆ ನನ್ನನ್ನು ಹತ್ತಿಸಿದರು. ಮೇಲಿನಿಂದ ನೋಡಿದರೆ, ರಸ್ತೆಯ ಮೇಲೆಯೇ ಮೂರು ಕಪ್ಪು ಬೆನ್ನುಗಳು, ಅವುಗಳ ನಡುವೆ ಒಂದು ಪುಟ್ಟ ಬೆನ್ನು. ಇನ್ನೆರಡು ನಿಮಿಷ ತುಳಿದಿದ್ದರೆ ನಾನು ನೇರವಾಗಿ ಆ ಕುಟುಂಬದೊಳಕ್ಕೇ ನುಗ್ಗುತ್ತಿದ್ದೆ.

"ಅವು ನೀರ್ಗೆ ಇಳಿಯೋಗಂಟ ಕೂತ್ಕಬೇಕು," ಎಂದು ಅವರು ಮಡಿಲಿನಿಂದ ಹುರಿಗಡಲೆ ತೆಗೆದು ಕೊಟ್ಟರು. ಆಮೇಲೆ ಕೇಳಿದರು: "ಮನೇಲಿ ಅಮ್ಮಾರು ಕಾಯ್ತಿರ್ತಾರೇನೋ?"

ಇಲ್ಲವೆನ್ನಲು ಬಾಯಿ ತೆರೆದವನು, "ಕಾಯ್ತಿರ್ತಾಳೆ," ಎಂದೆ. ಯಾಕೆಂದು ಇಂದಿಗೂ ತಿಳಿಯದು. ಸಾವಿನ ತಿರುವಿನಿಂದ ಈಗಷ್ಟೇ ತಪ್ಪಿಸಿಕೊಂಡವನಿಗಾಗಿ ಎಲ್ಲಿಯೂ ಯಾರೂ ಕಾಯುತ್ತಿಲ್ಲವೆಂಬ ಸತ್ಯ ಆ ಕ್ಷಣದಲ್ಲಿ ಹೇಳಲಾರದಷ್ಟು ಭಾರವಾಗಿತ್ತು.

"ಎಸ್ರೇನು ಸಾ?"

"ವಿಶಾಲಾಕ್ಷಿ." ಯಾವ ರಿಜಿಸ್ಟರಿನ ಯಾವ ಪುಟದಿಂದ ಆಕೆ ಎದ್ದು ಬಂದಳೋ ಕಾಣೆ. ಒಮ್ಮೆ ಬಂದವಳು ಹೋಗಲಿಲ್ಲ. ಆಕೆಯ ಮಂಡಿನೋವು, ಆಕೆಯ ಹುರುಳಿಸಾರು, ಸೈಕಲ್ಲು ಕೊಂಡದ್ದಕ್ಕೆ ಮಾಡಿದ ಮುನಿಸು, ಆ ಮುನಿಸಿನಲ್ಲೂ ಬುತ್ತಿ ಕಟ್ಟಿಕೊಟ್ಟ ಔದಾರ್ಯ, ಎಲ್ಲವನ್ನೂ ಸವಿಸ್ತಾರವಾಗಿ ಬಣ್ಣಿಸಿದೆ. ಮೂವತ್ತು ವರ್ಷ ಅನ್ಯರ ದಾಂಪತ್ಯಕ್ಕೆ ಮೊಹರು ಒತ್ತಿದವನು ಎರಡು ತಾಸಿನಲ್ಲಿ ಸ್ವಂತದ್ದೊಂದನ್ನು ಸಾಕ್ಷಿಗಳಿಲ್ಲದೆ ಕಟ್ಟಿಕೊಂಡೆ. ನಾಚಿಕೆಯಾಗುತ್ತಿತ್ತು, ಸುಖವೂ ಆಗುತ್ತಿತ್ತು.

ಪುಟ್ಟಮಾದಮ್ಮ ತಮ್ಮದನ್ನೂ ಹೇಳಿದರು. ರಾಗಿ ತೆನೆಗಟ್ಟಿದಾಗಿನಿಂದ ಹಗಲು ಇವರ ಕಾವಲು, ರಾತ್ರಿ ಗಂಡನದು. "ಒಂದೇ ಮನೇಲಿದ್ರೂವೆ ಮಕ ನೋಡೋದು ಈ ಏಣಿ ತಾವೇ ಕಣಿ ಸಾ. ಅವ್ರು ಅತ್ತೋವಾಗ ನಾ ಇಳೀತೀನಿ."

ಸಂಜೆಯಾಗುತ್ತಲೇ ಅದನ್ನು ಕಣ್ಣಾರೆ ಕಂಡೆ. ಆನೆಗಳು ನೀರಿನತ್ತ ಇಳಿದಿದ್ದವು. ಕಂಬಳಿ ಹೊದ್ದ ಗಂಡ ಬಂದು ಏಣಿಯ ಬುಡದಲ್ಲಿ ನಿಂತರು. ಆಕೆ ಟಾರ್ಚು ಕೊಟ್ಟರು. ಅವರು, "ಮುದ್ದೆ ಮುಚ್ಚಿಟ್ಟಿವ್ನಿ, ಬಿಸಿ ಆರೋಕ್ ಮುಂಚೆ ಉಣ್ಣು," ಎಂದರು. ಅಷ್ಟೇ ಮಾತು. ನನ್ನ ವಿಶಾಲಾಕ್ಷಿಗೆ ನಾನು ಹೊಲಿದುಕೊಟ್ಟ ಅಷ್ಟೂ ಅಲಂಕಾರ ಆ ಒಂದು ಮಾತಿನ ಮುಂದೆ ಸಪ್ಪೆಯಾಯಿತು.

ಹೊರಡುವಾಗ ಪುಟ್ಟಮಾದಮ್ಮ ಒಂದು ಚೀಲದ ತುಂಬ ಹಸಿ ಅವರೆಕಾಯಿ ತಂದು ಹ್ಯಾಂಡಲಿಗೆ ನೇತುಹಾಕಿದರು. "ಅಮ್ಮಾರ್ಗೆ ಕೊಡಿ. ಮಂಡಿಗೆ ಅಳ್ಳೆಣ್ಣೆ ಬಿಸಿ ಮಾಡಿ ತಿಕ್ಕಕ್ಕೇಳಿ." ಸತ್ಯ ಹೇಳಲು ಅದು ಕಡೆಯ ಅವಕಾಶವಾಗಿತ್ತು. ನಾನು ಹೂಂಗುಟ್ಟಿ ಪೆಡಲು ತುಳಿದೆ. ಗುಂಡಾಲ್ ಜಲಾಶಯದ ನೀರು ಬಲಕ್ಕೋ ಎಡಕ್ಕೋ ಹಾದುಹೋದದ್ದೂ ನೆನಪಿಲ್ಲ.

ಮನೆಗೆ ಬಂದು ದೀಪ ಹಾಕಿ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಮರುದಿನ ಕಾಳು ಬಿಡಿಸಿ, ನೆನೆಹಾಕಿ, ಒಂದೊಂದಾಗಿ ಹಿತುಕಿ ಸಾರು ಮಾಡಿದೆ, ಉಪ್ಪು ಹೆಚ್ಚಾಯಿತು. ಹೆಚ್ಚಾಯಿತೆಂದು ಹೇಳುವವರಿಲ್ಲದ್ದರಿಂದ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಆ ಸ್ವರ ಕೇಳಿ ನಾನೇ ಬೆಚ್ಚಿದೆ.

ಮೂರು ವಾರ ತಡೆದು ಮತ್ತೆ ಅದೇ ಸುತ್ತಿಗೆ ಹೊರಟೆ, ಈ ಬಾರಿ ಸುತ್ತುವುದಕ್ಕಲ್ಲ, ಒಪ್ಪಿಕೊಳ್ಳುವುದಕ್ಕೆ. ರಾಗಿ ಕೊಯ್ದಾಗಿತ್ತು. ಗಂಡಹೆಂಡಿರು ಹಗಲಲ್ಲೇ, ಜೊತೆಯಾಗಿ ಮೆದೆ ಒಟ್ಟುತ್ತಿದ್ದರು. ಸೈಕಲ್ಲನ್ನು ಬದುವಿಗೊರಗಿಸಿ, ಬೆವರೊರೆಸಿಕೊಂಡು ಹೇಳಿದೆ: "ಅವತ್ತು ನಿಮ್ಮತ್ರ ಸುಳ್ಳು ಹೇಳಿದೆ, ಪುಟ್ಟಮಾದಮ್ಮ. ನನಗೆ ಹೆಂಡತಿ ಇಲ್ಲ. ಮದುವೆಯೇ ಆಗಿಲ್ಲ."

ಆಕೆ ಹೊರೆಯನ್ನು ಕೆಳಗಿಳಿಸಲೂ ಇಲ್ಲ. "ಗೊತ್ತು ಬುಡಿ ಸಾ."

"ಹೇಗೆ?"

"ಮನೇಲಿ ಎಡ್ತಿ ಇರೋರು ಯಾರೂ ಅವ್ಳನ್ನ ಅಷ್ಟು ಒಗಳಾಕಿಲ್ಲ."

ಮೆದೆಯ ಮೇಲಿದ್ದ ಗಂಡ ಬೆನ್ನು ತಿರುಗಿಸಿ ನಗು ಅಡಗಿಸಿಕೊಂಡರು. ನಾನೂ ನಕ್ಕೆ, ನಗು ಅರ್ಧಕ್ಕೇ ನಿಂತಿತು. "ಮತ್ತೆ ಅವರೆಕಾಯಿ ಯಾಕೆ ಕೊಟ್ರಿ?"

"ಒಬ್ರೇ ಆದ್ರೂ ಉಣ್ಬೇಕಲ್ವಾ ಸಾ," ಎಂದು ಆಕೆ ಹೊರೆಯನ್ನು ಗಂಡನ ಕೈಗೆ ಎತ್ತಿಕೊಟ್ಟರು.