ಹುಣಸೆಹಣ್ಣು ಹಾಕಿ ಬೆಳಗಿದ ಡಾಲರುಗಳು

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಫಾಸ್ಟರ್ ಸಿಟಿಯ ಮನೆ ಬಿಟ್ಟೆವು. ಕಾರು ಓಡಿಸುತ್ತಿದ್ದವಳು ಅಣ್ಣನ ಮಗಳು ಅನಘ. ನನ್ನ ತೊಡೆಯ ಮೇಲೆ ಒಂದು ಮರದ ಪೆಟ್ಟಿಗೆ, ಅದರಲ್ಲಿ ಅಣ್ಣ ಮೂವತ್ತೊಂದು ವರ್ಷ ಕೂಡಿಸಿದ ಇಪ್ಪತ್ತೇಳು ಬೆಳ್ಳಿ ಡಾಲರು. ಅಣ್ಣ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿದ್ದ. ಹೆಚ್ಚೆಂದರೆ ಹತ್ತು ದಿನ ಎಂದು ಡಾಕ್ಟರು ಹೇಳಿಯಾಗಿತ್ತು. ಅತ್ತಿಗೆ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಹಾಗಾಗಿ ಅವನನ್ನು ನೋಡಿಕೊಳ್ಳಲು ಹಾಸನದಿಂದ ನಾನೇ ಬಂದಿದ್ದೆ.

ಅವನಿಗೆ ಉಳಿದಿದ್ದ ಆಸೆ ಒಂದೇ. ಸ್ಯಾನ್ ಫ್ರಾನ್ಸಿಸ್ಕೋದ ನಾಣ್ಯ ಸಂಗ್ರಾಹಕರ ಸಂಘದವರು ಆ ಡಾಲರುಗಳನ್ನು ತಮ್ಮ ಗಾಜಿನ ಬೀರುವಿನಲ್ಲಿಡಬೇಕು, ಕೆಳಗೆ ಅವನ ಹೆಸರು ಬರೆಯಬೇಕು. ಅವರೂ ಒಪ್ಪಿದ್ದರು. ಒಮ್ಮೆ ಪರೀಕ್ಷಿಸಿ ತೆಗೆದುಕೊಳ್ಳುವುದಷ್ಟೇ ಬಾಕಿಯಿತ್ತು. “ಜೋಪಾನವಾಗಿ ತಲುಪಿಸ್ಬಿಡೆ, ಆಮೇಲೆ ನಂಗೇನೂ ಬೇಡ” ಎಂದಿದ್ದ.

ನನ್ನ ಜೋಪಾನ ಎಂಥದ್ದು ಅಂದರೆ, ಹಿಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಕಳಶದ ಮುಂದಿಡೋಣವೆಂದು ಪೆಟ್ಟಿಗೆ ತೆಗೆದರೆ, ಅಯ್ಯೋ, ಒಂದೊಂದು ಡಾಲರೂ ಕಂದು, ನೀಲಿ, ಅಂಚಿನಲ್ಲಿ ಕಪ್ಪು. ಹೆಂಗಸರಿಲ್ಲದ ಮನೆ, ಇನ್ನೇನಾಗುತ್ತದೆ ಎಂದುಕೊಂಡೆ. ಹುಣಸೆಹಣ್ಣು ನೆನೆಹಾಕಿ ಉಜ್ಜಿ, ಮೇಲೆ ವಿಭೂತಿ ಹಚ್ಚಿ, ಬೆಳ್ಳಿ ದೀಪ ಬೆಳಗುವ ಹಾಗೆ ಇಪ್ಪತ್ತೇಳನ್ನೂ ಬೆಳಗಿದೆ. ತೋಳು ಬಿದ್ದುಹೋಯಿತು. ನಾಲ್ಕು ಜನ ನೋಡುವ ಜಾಗಕ್ಕೆ ಮಸಿ ಹಿಡಿದದ್ದನ್ನು ಕಳಿಸಿದರೆ ಅಣ್ಣನ ಮರ್ಯಾದೆ ಏನಾಗಬೇಕು? ಅನಘ ಎಮರಿವಿಲ್‌ನಲ್ಲಿ ಬೇರೆ ಅಪಾರ್ಟ್‌ಮೆಂಟಿನಲ್ಲಿರುವವಳು, ಅಂದು ಮನೆಯಲ್ಲಿರಲಿಲ್ಲ.

ಮಿಲ್‌ಬ್ರೇ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ರೈಲು ಹತ್ತಿದೆವು. ಅರ್ಧ ಗಂಟೆಯ ದಾರಿ. ಇಳಿದು ಮೇಲೆ ಬಂದರೆ ಆಗಸ್ಟ್ ತಿಂಗಳಲ್ಲಿ ಹಲ್ಲು ಕಟಕಟ ಅನ್ನುವ ಗಾಳಿ, ಮಂಜು. ಆರು ಡಾಲರಿನ ಕಾಫಿ ಕುಡಿದೆವು. ಅದಕ್ಕಿಂತ ಕಷಾಯ ವಾಸಿ. ಒಂದು ಬೀದಿ ದಾಟಿದರೆ ಹಳೆಯ ಟಂಕಸಾಲೆ. ಭಾರಿ ಕಲ್ಲಿನ ಕಂಬಗಳು, ಬಾಗಿಲು ಹಾಕಿತ್ತು. ಭೂಕಂಪವಾಗಿ ಊರೇ ಸುಟ್ಟಾಗಲೂ ಇದು ಉಳಿಯಿತಂತೆ. ನೆವಾಡದ ಗಣಿಗಳ ಬೆಳ್ಳಿ ಇಲ್ಲಿಗೆ ಬಂದು ಡಾಲರಾಗುತ್ತಿತ್ತು. ಇಲ್ಲಿ ಟಂಕಿಸಿದ್ದಕ್ಕೆ ಗುರುತಾಗಿ ನಾಣ್ಯದ ಹಿಂಬದಿಯ ಹದ್ದಿನ ಕೆಳಗೆ ಪುಟ್ಟದೊಂದು ಎಸ್ ಅಕ್ಷರ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕೋಟಿಗಟ್ಟಲೆ ಕರಗಿಸಿಬಿಟ್ಟರೆಂದು ಅಣ್ಣ ಪ್ರತಿ ಸಲವೂ ಹೊಟ್ಟೆ ಉರಿದುಕೊಂಡು ಹೇಳುತ್ತಿದ್ದ. ಎಸ್ ಗುರುತಿನದನ್ನು, ಟಂಕಿಸಿದ ಒಂದೊಂದು ವರ್ಷಕ್ಕೆ ಒಂದರಂತೆ, ಹುಡುಕಿದ್ದ. ೧೮೮೪ರದ್ದೆಂದರೆ ಅವನಿಗೆ ಜೀವ. ೧೮೯೩ರದ್ದು ಮಾತ್ರ ಅವನ ಕೈಗೆಟುಕಲಿಲ್ಲ.

ಅಲ್ಲಿಂದ ಸಂಘದ ಕಚೇರಿಗೆ ಹೋದೆವು. ಕಾರ್ಯದರ್ಶಿ ಎಂಬತ್ತರ ಮುದುಕ, ಅಣ್ಣನ ಇಪ್ಪತ್ತು ವರ್ಷದ ಸ್ನೇಹಿತ. ಬಾಗಿಲಿಗೇ ಬಂದು ಎರಡೂ ಕೈ ಹಿಡಿದುಕೊಂಡರು. ಮೇಜಿನ ಮೇಲೆ ಮಕಮಲ್ಲು ಬಟ್ಟೆ ಹಾಸಿ, ಭೂತಗನ್ನಡಿ ಹಿಡಿದು ಮೊದಲನೆಯ ಡಾಲರನ್ನು ದೀಪಕ್ಕೆ ಒಡ್ಡಿದರು. ಕೆಳಗಿಟ್ಟರು. ಎರಡನೆಯದು, ಮೂರನೆಯದು. ಹೊಗಳುತ್ತಾರೆಂದು ನಾನು ನಗುತ್ತಾ ಕೂತಿದ್ದೆ.

“ಇವನ್ನು ತೊಳೆದವರು ಯಾರು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ನಾನೇ” ಎಂದೆ, ಹೆಮ್ಮೆಯಿಂದಲೇ.

ಅನಘಳ ಮುಖ ಬಿಳುಚಿತು. “ಓ ಮೈ ಗಾಡ್, ಅತ್ತೆ. ನೋ.”

ಮುದುಕರು ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ನಾಣ್ಯದ ಮೇಲಿದ್ದ ಸ್ವಾತಂತ್ರ್ಯ ದೇವಿಯ ಕೆನ್ನೆಯ ಮೇಲೆಲ್ಲ ಕೂದಲೆಳೆಯಂಥ ಗೀರು, ನೂರಾರು. ನೂರು ವರ್ಷದಲ್ಲಿ ತಾನಾಗಿ ಕೂತ ಆ ಬಣ್ಣವೇ ನಾಣ್ಯದ ಚರ್ಮ, ಅದು ಹೋದರೆ ಮತ್ತೆ ಬರುವುದಿಲ್ಲ ಎಂದರು. ದನಿ ಏರಿಸಲಿಲ್ಲ. ಬೀರುವಿನಲ್ಲಿ ಇಡಲಾಗದು, ಸಂಘದ ನಿಯಮ. ಬೆಳ್ಳಿಯ ತೂಕಕ್ಕೆ ಯಾರಾದರೂ ಕೊಂಡಾರು ಎಂದು ಒಂದೊಂದನ್ನೇ ಪೆಟ್ಟಿಗೆಗೆ ಹಾಕಿದರು. ನನ್ನ ಕೈ ನನಗೇ ಬೇಡವೆನಿಸಿತು.

ಓಕ್ಲ್ಯಾಂಡಿನ ರೈಲು ಸಮುದ್ರದಡಿಯ ಸುರಂಗದಲ್ಲಿ ಕಿವಿ ಕಿತ್ತುಹೋಗುವಂತೆ ಕೂಗುತ್ತಾ ಹೋಯಿತು. ಅನಘ ನನ್ನ ಕಿವಿಗೆ ಬಾಗಿದಳು. “ಅಪ್ಪಂಗೆ ಹೇಳ್ಬೇಡಿ ಅತ್ತೆ, ಪ್ಲೀಸ್. ಜಸ್ಟ್ ಸೇ ದೇ ಟುಕ್ ಇಟ್.”

“ಆಯ್ತಮ್ಮ, ಹೇಳಲ್ಲ” ಎಂದೆ.

ಓಕ್ಲ್ಯಾಂಡಿನಲ್ಲಿ ಚುರುಚುರು ಬಿಸಿಲು. ಸ್ವೆಟರು ತೆಗೆದು ಪೆಟ್ಟಿಗೆಯ ಮೇಲೆ ಮುಚ್ಚಿ ಚೀಲಕ್ಕೆ ತುರುಕಿದೆ. ಅಣ್ಣ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದ.

“ಏನಂದ್ರು ಕಣೆ? ಎಂಬತ್ನಾಲ್ಕರದ್ದು ನೋಡಿ ಏನಂದ್ರು?”

“ಇಟ್ಕೊಂಡ್ರು ಕಣೋ” ಎಂದು ಶುರು ಮಾಡಿದೆ, ಆಗಲಿಲ್ಲ. ಅಳು ಬಂದುಬಿಟ್ಟಿತು. ಅತ್ತುಕೊಂಡೇ ಹುಣಸೆಹಣ್ಣು, ವಿಭೂತಿ, ಎಲ್ಲ ಹೇಳಿದೆ. ಅನಘ ಕಿಟಕಿಯ ಕಡೆ ತಿರುಗಿ ನಿಂತಳು.

ಅಣ್ಣ ಕೈ ಚಾಚಿದ. ಎಂಬತ್ನಾಲ್ಕರದ್ದನ್ನು ಹುಡುಕಿ ಕೊಟ್ಟೆ. ಎರಡೇ ಬೆರಳಿನಲ್ಲಿ ಅಂಚು ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದ. “ಮೊದ್ಲು ಹಿಂಗ್ ಓರೆ ಮಾಡಿದ್ರೆ ಇದರ ಮೇಲೆ ಬೆಳಕು ಚಕ್ರದ ಥರ ಸುತ್ತೋದು. ಈಗ ಸುತ್ತುತಿಲ್ಲ” ಎಂದ. ಆಮೇಲೆ, ಮೂವತ್ತೊಂದು ವರ್ಷದಲ್ಲಿ ಎಂದೂ ಮಾಡದವನು, ಹೆಬ್ಬೆರಳನ್ನು ನಾಣ್ಯದ ಮುಖದ ಮೇಲೆ ಪೂರ್ತಿ ಒತ್ತಿ ಹಿಡಿದುಕೊಂಡ. ಹಿಡಿದು, ನನಗೆ ವಾಪಸು ಕೊಟ್ಟ.

“ಬೈದ್ಬಿಡೋ ಅಣ್ಣ. ಹಿಂಗ್ ಸುಮ್ನಿರ್ಬೇಡ.”

“ನಾಳೆ ನೀನ್ ಬರ್ಬೇಡ ಕಣೆ. ಅನಘ ಬಂದ್ರೆ ಸಾಕು” ಎಂದು ಕಣ್ಣು ಮುಚ್ಚಿದ.

ಐದು ಗಂಟೆಯ ಹೊತ್ತಿಗೆ ಫಾಸ್ಟರ್ ಸಿಟಿ ತಲುಪಿದೆವು. ಕಟ್ಟಿಕೊಂಡು ಹೋಗಿದ್ದ ಚಪಾತಿ ಹಾಗೇ ಇತ್ತು. ಶುಕ್ರವಾರ ನಾನು ಹೋಗಲಿಲ್ಲ. ತಿಳಿಸಾರು ಮಾಡಿ ಅನಘಳ ಕೈಯಲ್ಲಿ ಕಳಿಸಿದೆ. ಎರಡು ಚಮಚ ಕುಡಿದನಂತೆ. ನನ್ನನ್ನು ಕೇಳಿದನೇ ಎಂದರೆ ಅವಳು ಇಲ್ಲವೆಂದಳು. ಶನಿವಾರ ಬೆಳಗ್ಗೆ ಹೋಗೇ ಹೋಗುತ್ತೇನೆ, ಬೈದರೆ ಬೈಯಲಿ, ಕಾಲು ಹಿಡಿದುಕೊಳ್ಳುತ್ತೇನೆ ಎಂದುಕೊಂಡೆ. ಐದೂವರೆಗೆ ಎದ್ದು ಸೀರೆ ಉಡುತ್ತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು.