ಪಾಳಿಯಲ್ಲಿ ನಿಂತ ಚಪ್ಪಲಿ

ಕಾಯುವುದೆಂದರೆ ನನಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಗೋಕಾಕದ ಪೆಟ್ರೋಲ್ ಬಂಕಿನಲ್ಲಿ ಮುಂದೆ ನಾಲ್ಕು ಗಾಡಿ ಕಂಡರೆ ಸಾಕು, ಸ್ಕೂಟಿ ತಿರುಗಿಸಿ, ಇದ್ದಷ್ಟು ಎಣ್ಣೆಯಲ್ಲೇ ಮೂಡಲಗಿ ಮುಟ್ಟುತ್ತೇನೆಂದು ಹೊರಟುಬಿಡುತ್ತೇನೆ. ಹಾಗೆ ಹೊರಟು ಎರಡು ಸಲ ಕಲ್ಲೋಳಿ ಹತ್ತಿರ ಗಾಡಿ ತಳ್ಳಿದ್ದೂ ಆಗಿದೆ. ಬುದ್ಧಿ ಮಾತ್ರ ಬಂದಿಲ್ಲ. ಸಾಲಿ ಮಾಸ್ತರಿಣಿಗೆ ಇಷ್ಟು ಅವಸರ ಇರಬಾರದು ಎಂದು ನನ್ನ ಗಂಡ ಆಗಾಗ ಹೇಳುತ್ತಾರೆ, ಅದನ್ನು ಕೇಳಿ ಮುಗಿಸುವಷ್ಟು ತಾಳ್ಮೆಯೂ ನನಗಿಲ್ಲ.

ಅಂಥವಳು ಬೇಸಿಗೆ ರಜೆಯ ಒಂದು ರವಿವಾರ ಹುಕ್ಕೇರಿ ಕಡೆ ಹೆದ್ದಾರಿ ಪಕ್ಕ ಹೊಸದಾಗಿ ತೆರೆದ ಪಾರ್ಕಿಗೆ ಹೋಗಿದ್ದು ಏಳು ವರ್ಷದ ಮಗಳ ಹಟಕ್ಕೆ. ಗಂಡನಿಗೆ ಅಂದು ಬೇರೆ ಕೆಲಸವಿತ್ತು. ಕುಲಗೋಡದಿಂದ ಬಂದಿದ್ದ ಅತ್ತೆ, "ನಾನೂ ಬರ್ತೀನಿ. ಅಲ್ಲಿ ದೊಡ್ಡ ತೊಟ್ಟಿಲ ಐತಂತಲ್ಲ," ಎಂದು ಸೀರೆ ಬದಲಿಸಿ ತಯಾರಾಗಿಬಿಟ್ಟರು.

ದೊಡ್ಡ ತೊಟ್ಟಿಲು ಎಂದರೆ ಜೈಂಟ್ ವ್ಹೀಲು. ಅತ್ತೆಗೆ ಅದರಲ್ಲೊಮ್ಮೆ ಕೂರುವ ಆಸೆ ಮದುವೆಗೂ ಮುಂಚಿನದು. ಹೊಸ ಸೊಸೆಯಾಗಿದ್ದಾಗ ಜಾತ್ರೆಯಲ್ಲಿ ಹಿರಿಯರ ಎದುರು ಹತ್ತುವಂತಿರಲಿಲ್ಲ. ಆಮೇಲೆ ಕಂಕುಳಲ್ಲಿ ಕೂಸು. ಕೂಸುಗಳು ದೊಡ್ಡವಾದ ಮೇಲೆ ಅವೇ ಮೇಲೆ ಹತ್ತಿದವು, ಅತ್ತೆ ಎಲ್ಲರ ಚೀಲ ಹಿಡಿದು ಕೆಳಗೆ ನಿಂತರು. ಈಗ ಅರವತ್ತು ದಾಟಿದೆ, ಮೊಣಕಾಲು ಕೈಕೊಟ್ಟಿವೆ. ಹತ್ತು ನಿಮಿಷ ನಿಂತರೆ ತುಟಿ ಕಚ್ಚಿಕೊಳ್ಳುತ್ತಾರೆ.

ಜೈಂಟ್ ವ್ಹೀಲಿನ ಪಾಳಿ ಕಬ್ಬಿಣದ ಕಂಬಿಗಳ ನಡುವೆ ಸುತ್ತಿ ಸುತ್ತಿ ಹೋಗಿತ್ತು. ಅದರ ಬಾಲದ ಹತ್ತಿರ ಒಂದು ಬೋರ್ಡು: ಇಲ್ಲಿಂದ ಕಾಯುವ ಸಮಯ ಅರವತ್ತು ನಿಮಿಷ.

"ಅತ್ತಿ, ಒಂದು ತಾಸು ನಿಂದ್ರಬೇಕಂತ್ರಿ. ನಿಮಗ ಆಗಂಗಿಲ್ಲ. ಇನ್ನೊಮ್ಮೆ ಬಂದಾಗ ಹತ್ತೋಣಂತ," ಎಂದೆ.

"ಇನ್ನೊಮ್ಮೆ ಇನ್ನೊಮ್ಮೆ ಅಂತ ನಿಮ್ಮ ಮಾವಾರೂ ಅಂದ್ರು, ನಿನ್ನ ಗಂಡನೂ ಅಂದ. ಈಗ ನೀ ಸುರು ಮಾಡಿದೇನವಾ? ಬರೂ ವರ್ಷ ಈ ಕಾಲು ಮೆಟ್ಟಲಾನೂ ಹತ್ತಂಗಿಲ್ಲ."

ಅವರ ಬದಲು ನಾನೇ ನಿಲ್ಲಬಹುದಿತ್ತು. ಆದರೆ ಮಗಳಿಗೆ ಆ ಚಕ್ರ ಕಂಡರೆ ಭಯ, ಅವಳಿಗೆ ಬೇಕಾಗಿದ್ದು ಪಕ್ಕದ ಮಕ್ಕಳ ರೈಲು. ಅಲ್ಲಿಯೂ ಪಾಳಿ, ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು. ನಾನು ಹೀಗೆ ಲೆಕ್ಕ ಹಾಕುತ್ತಿರುವಾಗ ಅತ್ತೆ ಚಪ್ಪಲಿ ಕಳಚಿದರು. ಪಾಳಿಯ ಕೊನೆಯಲ್ಲಿ ಅವನ್ನು ಜೋಡಿಸಿಟ್ಟರು. ಅಷ್ಟರಲ್ಲಿ ಹಿಂದೆ ಬಂದು ನಿಂತ ಹಿರಿಯರೊಬ್ಬರಿಗೆ, "ಅಣ್ಣಾರ, ಇವು ನನ್ನವು. ನಾ ಅಲ್ಲಿ ಗಿಡದ ಬುಡಕ ಕುಂತಿರ್ತೀನಿ," ಎಂದರು. ಆ ಮನುಷ್ಯನದು ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಗೆ ವಿಭೂತಿ, ದಪ್ಪ ಮೀಸೆ. ಫೋನಿನಲ್ಲಿ ಯಾರಿಗೋ ಬೆಲ್ಲದ ದರ ಹೇಳುತ್ತ ಜಬರಿಸುತ್ತಿದ್ದರು. ಅತ್ತೆಯ ಮಾತು ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ನನಗೆ ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. ನಮ್ಮ ಊರುಗಳಲ್ಲಿ ಇದು ಇದ್ದದ್ದೇ. ರೇಷನ್ ಅಂಗಡಿ ಮುಂದೆ, ಬೀಜ ಗೊಬ್ಬರ ಕೊಡುವ ಕಡೆ, ನಿಲ್ಲಲಾರದವರು ಚಪ್ಪಲಿ ಇಟ್ಟು ನೆರಳಿಗೆ ಹೋಗುತ್ತಾರೆ. ಪಾಳಿ ಸರಿದಂತೆ ಹಿಂದಿನವರು ಅದನ್ನು ಕಾಲಿನಿಂದ ಮುಂದೆ ದೂಡುತ್ತಾರೆ. ಆದರೆ ಅದು ಊರು. ಅಲ್ಲಿ ಚಪ್ಪಲಿ ನೋಡಿದರೆ ಯಾರ ಮನೆಯದೆಂದು ತಿಳಿಯುತ್ತದೆ.

"ಅತ್ತಿ, ಇದು ರೇಷನ್ ಅಂಗಡಿ ಅಲ್ರಿ. ರೊಕ್ಕಾ ಕೊಟ್ಟು ಟಿಕೀಟ್ ತಗೊಂಡು ಬಂದ ಮಂದಿ. ಒದ್ದು ಒಗೀತಾರ."

"ಯಾಕ ಒಗೀತಾರ? ಅವರೂ ಮನಶ್ಯಾರಽ ಅದಾರಲ್ಲ," ಎಂದು ಅತ್ತೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದು ಬೇವಿನ ಮರದ ಕೆಳಗೆ ಕೂತರು.

ನಾನು ಮಗಳೊಂದಿಗೆ ರೈಲಿನ ಪಾಳಿ ಸೇರಿದೆ. ಎರಡು ಪಾಳಿಗಳ ನಡುವೆ ಬರೀ ಒಂದು ಕಂಬಿ. ಚಪ್ಪಲಿಗಳು ನನಗೆ ಚೆನ್ನಾಗಿ ಕಾಣುತ್ತಿದ್ದವು. ಹಿಮ್ಮಡಿ ಸವೆದ, ಒಂದರ ಬಾರಿಗೆ ಹೊಲಿಗೆ ಹಾಕಿಸಿದ ಕಂದು ಚಪ್ಪಲಿ. ಅವನ್ನು ಬಿಸಾಕಿ ಹೊಸದು ತರಬೇಕೆಂದು ನಾನು ವರ್ಷದಿಂದ ಗೊಣಗುತ್ತಿದ್ದೆ.

ಮುಂದಿದ್ದವರು ಎರಡು ಹೆಜ್ಜೆ ಸರಿದರು. ಚಪ್ಪಲಿ ಅಲ್ಲೇ ಉಳಿದವು. ಈಗ ದಾಟುತ್ತಾರೆ ನೋಡು ಎಂದುಕೊಂಡೆ. ವಿಭೂತಿಯವರು ಫೋನಿನಿಂದ ಕಿವಿ ತೆಗೆಯಲಿಲ್ಲ, ಕೆಳಗೂ ನೋಡಲಿಲ್ಲ. ಬೂಟಿನ ತುದಿಯಿಂದ ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು, ಮೆಲ್ಲಗೆ ಮುಂದೆ ದೂಡಿದರು. ಜೋಡಿ ತಪ್ಪಲಿಲ್ಲ. ಮತ್ತೆ ಪಾಳಿ ಸರಿಯಿತು, ಮತ್ತೆ ದೂಡಿದರು. ಮಾತು ಬೆಲ್ಲದ ಮೇಲೆಯೇ ಇತ್ತು, ಕಾಲು ಮಾತ್ರ ಅತ್ತೆಯ ಕೆಲಸ ಮಾಡುತ್ತಿತ್ತು.

ಸ್ವಲ್ಪ ಹೊತ್ತಿಗೆ ಕಾವಲಿನವನು ಬಂದ. ಕೋಲಿನಿಂದ ಚಪ್ಪಲಿ ಮುಟ್ಟಿ, "ಯಾರವ್ರೀ ಇವು? ಇಲ್ಲಿ ಬಿಡಂಗಿಲ್ಲ," ಎಂದ.

ವಿಭೂತಿಯವರು ಫೋನನ್ನು ಎದೆಗೆ ಒತ್ತಿ ಹಿಡಿದು, "ಅವರು ಪಾಳ್ಯಾಗ ಅದಾರ. ಕೋಲು ತಗೀರಿ," ಎಂದರು.

"ಯಾರೂ ಕಾಣವಲ್ರಲ್ರೀ?"

"ಚಪ್ಲಿ ಕಾಣ್ತಾವಲ್ಲ."

ಮುಂದಿದ್ದ ಹೆಂಗಸೂ ತಿರುಗಿ, "ಅವ್ವಾರು ಗಿಡದ ಕೆಳಗ ಕುಂತಾರ, ಮೊಣಕಾಲು ನೋವೈತಿ," ಎಂದಳು. ಅತ್ತೆ ಅವಳಿಗೆ ಮೊಣಕಾಲಿನ ಸುದ್ದಿ ಹೇಳಿರಲಿಲ್ಲ. ನಡಿಗೆ ನೋಡಿಯೇ ತಿಳಿದುಕೊಂಡಿದ್ದಳು. ಕಾವಲಿನವನು ಹೆಗಲು ಕುಣಿಸಿ ಹೋದ.

ಆ ಚಪ್ಪಲಿಗಳ ಹಿಂದೆ ನಾನು ನಿಂತಿದ್ದರೆ ಏನು ಮಾಡುತ್ತಿದ್ದೆ ಎಂದು ಅಲ್ಲೇ ಯೋಚಿಸಿದೆ. ಬಹಳ ಯೋಚಿಸಬೇಕಾಗಲಿಲ್ಲ. ದಾಟಿ ಮುಂದೆ ಹೋಗುತ್ತಿದ್ದೆ.

ಬೋರ್ಡಿನ ತಾಸು ಬೇರೆ, ನಿಜವಾದ ತಾಸು ಬೇರೆ ಎಂದು ಆಗಲೇ ಗೊತ್ತಾಗಿತ್ತು. ನಮ್ಮ ಪಾಳಿ ಮುಗಿದು, ಮೂರು ನಿಮಿಷದ ರೈಲು ಮುಗಿದು, ನಾನು ಮಗಳ ಕೈ ಹಿಡಿದು ಹೊರಬಂದಾಗ ತಾಸಿನ ಮೇಲೆ ಕಾಲು ತಾಸು ಆಗಿತ್ತು. ಚಪ್ಪಲಿ ಆಗಷ್ಟೇ ಕಬ್ಬಿಣದ ಮೆಟ್ಟಿಲ ಬುಡ ಮುಟ್ಟಿದ್ದವು. ಅಲ್ಲಿಂದ ಹನ್ನೆರಡು ಮೆಟ್ಟಿಲು ಮೇಲೆ ತೊಟ್ಟಿಲು.

ನೆಲದ ಮೇಲಾದರೆ ದೂಡಬಹುದು. ಮೆಟ್ಟಿಲ ಮೇಲೆ ಹೇಗೆ ದೂಡುತ್ತಾರೆ? ಅತ್ತೆಯನ್ನು ಕರೆಯಲು ಓಡಬೇಕು, ಆದರೆ ನನ್ನ ಕಾಲು ಕೀಳಲಿಲ್ಲ.

ಮುಂದಿದ್ದವರು ಒಂದು ಮೆಟ್ಟಿಲು ಹತ್ತಿದರು. ವಿಭೂತಿಯವರು ಕೆಳಗೆ ನೋಡಿದರು. ಫೋನಿನಲ್ಲಿದ್ದವರಿಗೆ "ಆಮ್ಯಾಲ ಮಾತಾಡ್ತೀನಿ" ಎಂದು ಹೇಳಿ ಫೋನು ಕಿಸೆಗೆ ಹಾಕಿದರು. ಪ್ಯಾಂಟನ್ನು ಮೊಣಕಾಲ ಹತ್ತಿರ ಹಿಡಿದು ಬಗ್ಗಿದರು. ಅತ್ತೆಯ ಚಪ್ಪಲಿಗಳನ್ನು ಎರಡೂ ಕೈಯಿಂದ ಎತ್ತಿ ಮೊದಲ ಮೆಟ್ಟಿಲ ಮೇಲೆ ಇಟ್ಟರು. ಪಾಳಿ ಸರಿಯಿತು. ಮತ್ತೆ ಬಗ್ಗಿದರು, ಎತ್ತಿದರು, ಎರಡನೆಯ ಮೆಟ್ಟಿಲು.

ಅವರಿಗೂ ಅತ್ತೆಯಷ್ಟೇ ವಯಸ್ಸು. ಪ್ರತಿ ಸಲ ಏಳುವಾಗ ಕಂಬಿ ಹಿಡಿಯುತ್ತಿದ್ದರು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆಯೂ ಕತ್ತು ತಿರುಗಿಸಲಿಲ್ಲ. ನಾನು ಮನೆಗೆ ಬಂದು ಹನ್ನೊಂದು ವರ್ಷ, ಬಾಗಿಲಿಗೆ ಅಡ್ಡವಾದ ಅತ್ತೆಯ ಚಪ್ಪಲಿಯನ್ನು ಕಾಲಿನಿಂದಲ್ಲದೆ ಕೈಯಿಂದ ಸರಿಸಿದವಳಲ್ಲ. ಅಷ್ಟು ದೊಡ್ಡ ಚಕ್ರ ನೆತ್ತಿಯ ಮೇಲೆ ತಿರುಗುತ್ತಿತ್ತು, ನಾನು ಮಾತ್ರ ಆ ಮೆಟ್ಟಿಲುಗಳನ್ನೇ ಬಾಯಿ ತೆರೆದು ನೋಡುತ್ತ ನಿಂತಿದ್ದೆ.

"ಅವ್ವಾ, ಆಯೀನ ಕರೀ," ಎಂದು ಮಗಳು ಕೈ ಜಗ್ಗಿದಾಗ ಎಚ್ಚರವಾಯಿತು.

ಅತ್ತೆಯನ್ನು ಕರೆತಂದೆ. ಪಾಳಿಯವರು "ಬರ್ರಿ ಅವ್ವಾರ, ಬರ್ರಿ" ಎಂದು ಒಬ್ಬೊಬ್ಬರೇ ಮಗ್ಗುಲಾಗಿ ದಾರಿ ಬಿಟ್ಟರು. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು, ಅತ್ತೆ ತುದಿ ಮುಟ್ಟುವಷ್ಟರಲ್ಲಿ ಚಪ್ಪಲಿಗಳು ಹನ್ನೆರಡನೆಯ ಮೆಟ್ಟಿಲ ಮೇಲೆ ಜೋಡಿಯಾಗಿ ಕಾಯುತ್ತಿದ್ದವು. ಅತ್ತೆ ಅವನ್ನು ಮೆಟ್ಟಿಕೊಂಡರು, ವಿಭೂತಿಯವರಿಗೆ ತಲೆಯಾಡಿಸಿದರು, ತೊಟ್ಟಿಲಲ್ಲಿ ಕೂತರು. ಅವರಿಗೆ ಇದರಲ್ಲಿ ಸೋಜಿಗವೇನೂ ಇರಲಿಲ್ಲ. ಪಾಳಿಯಲ್ಲಿ ಇಟ್ಟಿದ್ದು ಪಾಳಿಯಲ್ಲಿ ಬಂದಿತ್ತು, ಅಷ್ಟೇ.

ಮೊದಲ ಸುತ್ತಿನಲ್ಲಿ ಕಣ್ಣು ಮುಚ್ಚಿದ್ದರು. ಎರಡನೆಯದರಲ್ಲಿ ತೆರೆದರು. ಮೂರನೆಯ ಸುತ್ತು ತುದಿಗೆ ಹೋದಾಗ ಸೆರಗು ಹಾರುತ್ತಿತ್ತು, ಅತ್ತೆ ಕಂಬಿ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಇಳಿದವರೇ, "ಯವ್ವಾ, ಭೂಮಿ ಎಷ್ಟ ಐತಿ! ಹೊಲಾ, ಹೊಲಾ, ಹೊಲಾ. ಮುಗಿಯೂದಽ ಇಲ್ಲ," ಎಂದರು. ಕಬ್ಬಿನ ಹಾಲಿನ ಅಂಗಡಿ ಮುಂದೆ ಬೆಂಚಿನ ಮೇಲೆ ಕೂತ ಮೇಲೂ ಅದೇ ಮಾತು. ಗ್ಲಾಸು ಬರಿದಾಗುವ ತನಕ ಕೇಳಿ, ಕೊನೆಗೆ ನಾನು ಕಂಡಿದ್ದನ್ನು ಹೇಳಿದೆ.

"ಅತ್ತಿ, ನಿಮ್ಮ ಹಿಂದ ಇದ್ದ ಹಿರೇರು ನಿಮ್ಮ ಚಪ್ಲಿ ಮೆಟ್ಟಲಾ ಹತ್ತಿಸಿದ್ರು. ಕೈಲೆ ಎತ್ತಿ."

ಅತ್ತೆಯ ನಗು ನಿಂತಿತು. "ಕೈಲೆ?"

"ಹ್ಞೂಂ ರೀ. ಹನ್ನೆರಡೂ ಮೆಟ್ಟಲಾ."

"ಇಭೂತಿ ಹಚ್ಚಿದವರು? ಅಷ್ಟ ದೊಡ್ಡ ಮನಶ್ಯಾರು?"

ಎದ್ದು ನಿಂತು ಜನರ ನಡುವೆ ಹುಡುಕಿದರು. ಬಿಳಿ ಅಂಗಿಯವರು ಬಹಳ ಮಂದಿ ಇದ್ದರು, ಅವರು ಇರಲಿಲ್ಲ. "ಕಾಲಲೆ ದೂಡೂದು ಪಾಳಿ ರೂಢಿ," ಎಂದರು ಅತ್ತೆ ಮೆಲ್ಲಗೆ. "ಕೈಲೆ ಎತ್ತೂದು..."

ತಮ್ಮ ಕಾಲುಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಪ್ಪಲಿಯಿಂದ ಕಾಲು ಹೊರಗೆ ತೆಗೆದರು. ಮೊಣಕಾಲ ನೋವಿಗೆ ಹಲ್ಲು ಕಚ್ಚಿ ಬಗ್ಗಿ, ಅವನ್ನು ಎತ್ತಿಕೊಂಡು, ಸೆರಗಿನಿಂದ ಧೂಳು ಒರೆಸಿದರು.

"ನೆಲಾ ಕಾದೈತ್ರಿ ಅತ್ತಿ, ಹಾಕ್ಕೋರಿ," ಎಂದೆ.

"ಈಗ ಹೆಂಗ ಕಾಲು ಹಾಕ್ಲಿ ಯವ್ವಾ ಇದಕ್ಕ?" ಎಂದರು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಗೇಟಿನವರೆಗೆ ಬರಿಗಾಲಲ್ಲಿ ನಡೆದರು.