ವೈರಕ್ಕನ ಎರಡು ಹೆಂಚು

ನೀವು ಎಸೆದ ಕಂಪ್ಯೂಟರ್ ಮಾಯವಾಗುವುದಿಲ್ಲ; ಯಾರದೋ ಮನೆ ಸೇರುತ್ತದೆ. ನಮ್ಮ ಬೀದಿಯದೆಲ್ಲ ಸೇರುತ್ತಿದ್ದುದು, ವೈರು ಬಿಚ್ಚಿ ಬಿಚ್ಚಿ ವೈರಕ್ಕ ಎನಿಸಿಕೊಂಡವಳ ಒಂದೇ ಕೋಣೆಯ ಮನೆಗೆ.

ಹನ್ನೆರಡು ವರ್ಷಗಳಿಂದ ಆಕೆ ಕಂಪ್ಯೂಟರಿನೊಳಗಿನ ಹಸಿರು ಹಲಗೆಗಳನ್ನು ಹೆಂಚಿನ ಮೇಲೆ ಕಾಯಿಸಿ, ಬೆಸುಗೆಯ ಸೀಸ ಕರಗಿದೊಡನೆ ಚಿಪ್‌ಗಳನ್ನು ಇಕ್ಕಳದಲ್ಲಿ ಕಿತ್ತು ಗುಜರಿಯವನಿಗೆ ಮಾರುತ್ತಿದ್ದಳು. "ಅಡುಗೆ ಹೆಂಚೇ ಬೇರೆ, ಕೆಲಸದ್ದೇ ಬೇರೆ. ನನಗಷ್ಟೂ ಗೊತ್ತಾಗಲ್ವಾ?" ಎನ್ನುತ್ತಿದ್ದಳು. ಹೆಂಚು ಎರಡಿದ್ದವು, ನಿಜ. ಹೊಗೆ ಮಾತ್ರ ಮಗಳು ಮಲಗುವ ಕೋಣೆಯಲ್ಲೇ ತುಂಬುತ್ತಿತ್ತು.

ಮೂರು ವರ್ಷದ ಆ ಮಗು ಕಲಿತ ಮಾತುಗಳನ್ನು ಮರೆಯತೊಡಗಿತು. ರಕ್ತ ಪರೀಕ್ಷಿಸಿದ ವೈದ್ಯರು ಅದರಲ್ಲಿ ಸೀಸವಿದೆ ಎಂದರು. ಹೋದ ಮಾತು ಮರಳುತ್ತದೆಯೇ ಎಂದು ಕೇಳಿದರೆ, ಮೊದಲು ಆ ಹೊಗೆ ನಿಲ್ಲಿಸಿ ಎಂದರು. ಅಂದಿನಿಂದ ವೈರಕ್ಕ ಹಲಗೆ ಕಾಯಿಸಿಲ್ಲ. ಬೆಳಗ್ಗೆ ಎದ್ದ ಕೂಡಲೇ ಮಗಳ ಗಲ್ಲ ಹಿಡಿದು, "ಪುಟ್ಟಿ, ನಾನ್ಯಾರು ಹೇಳು?" ಎನ್ನುತ್ತಾಳೆ. ಉತ್ತರ ಬರುವವರೆಗೂ ಗಲ್ಲ ಬಿಡುವುದಿಲ್ಲ.

ನಿನ್ನೆ ಗುಜರಿಯವನು ಮತ್ತೊಂದು ಕಂಪ್ಯೂಟರ್ ತಂದ. ಪ್ಲಗ್ ಹಾಕಿದರೆ ಪರದೆ ಬೆಳಗಿತು.

"ಇದು ಓಡ್ತಾ ಇದೆಯಲ್ಲೋ! ಯಾಕೆ ಎಸೆದ್ರು?"

"ಸ್ವಲ್ಪ ನಿಧಾನವಂತೆ, ಅಕ್ಕಾ."

"ಹಾಗಾದ್ರೆ ನಮ್ಮತ್ತೇನೂ ಗುಜರಿಗೆ ಹಾಕು!" ಎಂದಳು. ಪ್ಲಗ್ ಕಿತ್ತು ಕಂಪ್ಯೂಟರನ್ನು ಅವನತ್ತ ತಳ್ಳಿದಳು.

ಆಕೆ ಬೇಡವೆಂದಾಗ ಅವನು ಪಕ್ಕದ ಮನೆಯ ಬಾಗಿಲು ತಟ್ಟಿದ. ಅಲ್ಲೂ ಒಂದು ಮಗುವಿದೆ.

ನಿಮ್ಮ ಕಂಪ್ಯೂಟರ್ ನಿಧಾನವಾಯಿತೇ? ರಿಪೇರಿ ಮಾಡಿಸಿ, ಇನ್ನೈದು ವರ್ಷ ಬಳಸಿ.